ಎರಡು ಕಾಲಿನ ಹಾಸಿಗೆ

ಕಯಾನಿಯ ಗುಜರಿಯಂಗಳದಲ್ಲಿ
ಅಕ್ಟೋಬರ್ ಮುಗಿಯುತ್ತಿತ್ತು.
ಔಲಿಕ್ಕಿ ಕೈಗವಸು ಕಳಚಿ
ನೋಟು ಎಣಿಸಿದಳು, ಮತ್ತೆ ಎಣಿಸಿದಳು:
ಹೆಚ್ಚಲಿಲ್ಲ.

"ಎರಡು ಸಾಕು, ಹಿಂದಕ್ಕೆ.
ದೂಡುವುದು ಹಿಂದಿನ ಗಾಲಿಯೇ ತಾನೆ?"
ರೈಮೊ ಟೈರಿನ ಗೀರಿಗೆ ನಾಣ್ಯ ತೂರಿಸಿ
ಆಳ ನೋಡುತ್ತಿದ್ದ.
"ದೂಡುವುದು ಹಿಂದಿನದು. ತಿರುಗಿಸುವುದು ಮುಂದಿನದು.
ನಿಲ್ಲಿಸುವುದು ನಾಲ್ಕೂ."

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು, ನಿಜ.
ಹಾಸಿಗೆ ಎರಡು ಕಾಲಿನದು,
ಮುದಿ ವೋಲ್ವೋಗೆ ನಾಲ್ಕು.

ಕೊನೆಗೆ ಎರಡಕ್ಕೆ ದುಡ್ಡು, ಎರಡಕ್ಕೆ
ಫ್ರೀಜರಿನಲ್ಲಿದ್ದ ಮೂರು ಬಕೆಟ್ ಲಿಂಗನ್‌ಬೆರಿ.
ಒಂದು ಟೈರಿನಲ್ಲಿ ಮೊಳೆ ಉದುರಿದ ಏಳು ಗುಳಿ;
ಬೆರಳಿಟ್ಟು ಎಣಿಸಿಯೇ ತಂದಳು.
ಡಿಕ್ಕಿಯಲ್ಲಿ ಮರಳಿನ ಮೂಟೆ,
ಹಿಂಭಾಗ ಹಗುರಾಗಿ ಕುಣಿಯದಿರಲೆಂದು.

ರಾತ್ರಿ ಪಾಳಿ ಮುಗಿದ ನಸುಕು. ಮೊದಲ ಹಿಮ.
ಸೇತುವೆಯಿಳಿಜಾರಿನಲ್ಲಿ ಬಾಲ ಒಮ್ಮೆ ಎಡಕ್ಕೆ ಬೀಸಿತು,
ಹಟದ ಹಸು ಹಗ್ಗ ಜಗ್ಗಿದಂತೆ.
ಅವಳು ಬ್ರೇಕು ತುಳಿಯಲಿಲ್ಲ,
ಸ್ಟೀರಿಂಗ್ ಸಡಿಲ ಹಿಡಿದಳು.
ಮೊಳೆಗಳು ಕಟಕಟನೆ ಕಚ್ಚಿದವು.
ತಾನಾಗಿ ನೆಟ್ಟಗಾಯಿತು.

ಮನೆಯೆದುರು ಇಂಜಿನ್ ಆರಿಸಿ
ತುಸು ಹೊತ್ತು ಕೂತೇ ಇದ್ದಳು.
ಇನ್ನು ಏಪ್ರಿಲ್ ತನಕ
ಗಂಜಿಗೆ ಹುಳಿಯಿಲ್ಲ.