ಮಣಿಕಟ್ಟಿನಲ್ಲಿ ಮೂರು ತಂತಿ

ನಮ್ಮ ಮನೆಯ ಹೆಂಗಸರ ಮೈಯೇ ಹಾಗೆ:
ಬೆಳ್ಳಿ ಗೆಜ್ಜೆ ತಿಂಗಳೊಪ್ಪತ್ತಿನಲ್ಲಿ ಕಪ್ಪು,
ಮುಡಿದ ಕಾಕಡ ತಾಳಿ ಕಟ್ಟುವ ಹೊತ್ತಿಗೇ ಬಾಡಿರುತ್ತದೆ,
ಒಂದು ಗ್ರಾಂ ಚಿನ್ನದ ಸರದ ಕಥೆ ಕೇಳಲೇಬೇಡಿ,
ವಿಶಾಲತ್ತೆ ಅದನ್ನು ಅಂಗಡಿಯವನ ಗಲ್ಲಾದ ಮೇಲೆ ಎಸೆದು ಬಂದಿದ್ದಾಳೆ.

ಹಾಗಾಗಿ ನನ್ನ ಬೇಸ್ ಗಿಟಾರಿನ ತಂತಿ
ಮೂರನೇ ಮದುವೆಗೆ ಸತ್ತಿತೆಂದರೆ
ಅದರಲ್ಲಿ ಹೊಸದೇನಿಲ್ಲ.
ಆರ್ಕೆಸ್ಟ್ರಾದಲ್ಲಿ ಯಾರಿಗೂ ತಿಳಿಯುವುದೂ ಇಲ್ಲ.
ಕೀಬೋರ್ಡಿನ ಚನ್ನಕೇಶವ ಹೇಳುತ್ತಾನೆ,
"ಬೇಸು ಕೇಳಿಸಬಾರದು ಮೇಡಂ, ಇಲ್ಲದಿದ್ದರೆ ಗೊತ್ತಾಗಬೇಕು,
ಸಾರಿಗೆ ಉಪ್ಪಿನ ಹಾಗೆ."
ಉಪ್ಪಿನ ವಿಷಯ ನನಗೆ ಹೇಳಬೇಡ ಮಾರಾಯ.
ಹಗಲೆಲ್ಲ ಜಿಲ್ಲಾಸ್ಪತ್ರೆಯ ಲ್ಯಾಬಿನಲ್ಲಿ
ಊರವರ ರಕ್ತದ ಸೋಡಿಯಂ ಅಳೆಯುವವಳು ನಾನು.
ನನ್ನ ಬೆರಳ ತುದಿಯದ್ದು ಅಳೆದಿಲ್ಲ, ಅಷ್ಟೆ.

ಹೊಸ ತಂತಿಗೊಂದು ದನಿಯಿದೆ.
ಕಂಚಿನ ತಟ್ಟೆಗೆ ಉಗುರು ತಾಗಿದ ಹಾಗೆ...
ಅಲ್ಲ, ಅದು ತೆಳುವಾಯಿತು.
ಬಾವಿಗಿಳಿಯುವ ಬಿಂದಿಗೆ ಕಲ್ಲಿಗೆ ತಗುಲಿ
ಠಣ್ ಎನ್ನುತ್ತದಲ್ಲ, ಹಿಂದೆಯೇ ನೀರಿನ ಗುಮ್,
ಆ ಎರಡೂ ಒಟ್ಟಿಗೆ.
ಹಳತಾದರೆ ಠಣ್ ಹೋಗಿ ಗುಮ್ ಒಂದೇ ಉಳಿಯುತ್ತದೆ.
ಕುಣಿಯುವವರಿಗೆ ಅದೇ ಸಾಕು.
ನನಗೆ ಸಾಲದು.

ಕುದಿಸಿ ನೋಡಿದ್ದೇನೆ.
ಇಡ್ಲಿ ಪಾತ್ರೆಯಲ್ಲಿ ನಾಲ್ಕನ್ನೂ ಚಕ್ಕುಲಿಯಂತೆ ಸುತ್ತಿಟ್ಟು ಹತ್ತು ನಿಮಿಷ;
ನೀರು ಕಂದಾಯಿತು, ದನಿ ಬಂತು,
ಎರಡು ಸಂಜೆ ಇತ್ತು, ಹೋಯಿತು.
ಆ ಪಾತ್ರೆಯ ಇಡ್ಲಿಯನ್ನು ನನ್ನ ಗಂಡ ಇವತ್ತಿಗೂ ಮುಟ್ಟುವುದಿಲ್ಲ.

ಸಂತೆಪೇಟೆಯ ದಸ್ತಗೀರ್ ಸಾಬರದು
ಹಾರ್ಮೋನಿಯಂ ತಿದಿ ರಿಪೇರಿಯ ಅಂಗಡಿ.
ಡೋಲಕ್ಕುಗಳ ಹಿಂದಿನಿಂದ ಮೂರು ಪೊಟ್ಟಣ ತೆಗೆದು ಧೂಳು ಊದಿದರು.
ನಿಕ್ಕಲ್ಲು: ಎರಡು ಸಾವಿರದ ಇನ್ನೂರು, ಮೆದು.
ಸ್ಟೀಲು: ಮುನ್ನೂರು ಜಾಸ್ತಿ, ಕಿರುಚುತ್ತೆ, ಫ್ರೆಟ್ಟು ಸವೆಸುತ್ತೆ.
ಮೂರನೆಯದಕ್ಕೆ ಮೇಲೊಂದು ಪೊರೆ.
"ರೈನ್‌ಕೋಟು ಹಾಕ್ಕೊಂಡಿರೋ ತಂತಿ ಅಮ್ಮ, ನಾಲ್ಕು ಸಾವಿರ.
ಬೆವರು ಒಳಗಿಳಿಯಲ್ಲ."
ವಿಶಾಲತ್ತೆಯ ಸರ ನೆನಪಾಗಿ ಸುಮ್ಮನೆ ನಿಂತೆ.

ಸಾಬರು ನನ್ನ ಕೈ ನೋಡಿದರು, ಮುಖವನ್ನಲ್ಲ.
ಯಾರ್ಯಾರದೋ ಗಿಟಾರಿಗೆ ಕಟ್ಟಿ ಮಿಕ್ಕ ತುಂಡುಗಳ ಡಬ್ಬಿ ತಡಕಿ
ಬಗೆಗೊಂದರಂತೆ ಆರಿಸಿ, ಬಾಗಿಸಿ,
ತುದಿಗೆ ಬೆಸುಗೆಯ ಹನಿ ಬಿಟ್ಟು ಬಳೆ ಮಾಡಿದರು.
"ಹಾಕ್ಕೊಂಡಿರಿ ಹದಿನೈದು ದಿನ. ದುಡ್ಡು ಬೇಡ.
ಯಾವುದು ತಡೀತೋ ಅದನ್ನ ಒಯ್ಯಿರಿ."

ಗ್ಲೌಸಿನೊಳಗೆ, ಪಾತ್ರೆ ತೊಳೆಯುವ ಸೋಪಿನಲ್ಲಿ,
ಸಾಲಗಾಮೆ ರಸ್ತೆಯ ಬಸ್ಸಿನ ಕಂಬಿ ಹಿಡಿದು, ಹದಿನೈದು ದಿನ.
ರಕ್ತ ಕೊಡಲು ಬಂದ ಮುದುಕಿ ಕೇಳಿದಳು,
ಯಾವ ದೇವರ ಹರಕೆಯವ್ವ?
ಹಾಸನಾಂಬೆಯದು ಎಂದುಬಿಟ್ಟೆ,
ಬಾಗಿಲು ತೆಗೆಯಲು ಇನ್ನೂ ಐದು ತಿಂಗಳಿತ್ತು.
ದುದ್ದದ ಮದುವೆಯಲ್ಲಿ
ಮದುಮಗಳ ಕೈಗೆ ಅರಿಶಿನ ಕೊಂಬಿನ ಕಂಕಣ,
ವೇದಿಕೆಯ ಮೂಲೆಯಲ್ಲಿ ನನ್ನ ಕೈಗೆ ಇವು.
ಇಬ್ಬರೂ ಬೆವರುತ್ತಿದ್ದೆವು.

ನಿಕ್ಕಲ್ಲು ಆರನೇ ದಿನಕ್ಕೆ ಮಂಕು, ಹತ್ತಕ್ಕೆ ಕಪ್ಪು,
ಅದರಡಿಯ ಚರ್ಮ ಕೆಂಪಗೆ ತುರಿಸಿತು.
ಸ್ಟೀಲು ಕೊನೆಯವರೆಗೂ ಇತ್ತು,
ಸುತ್ತುಗಳ ಸಂದಿನಲ್ಲಿ ನನ್ನ ಕೊಳೆ ಹೊತ್ತು, ಕೊಂಚ ಮುನಿದು.
ಪೊರೆಯದ್ದು ಮಾತ್ರ ತಂದ ದಿನದ ಹಾಗೇ,
ನಾನದನ್ನು ಮುಟ್ಟಿಯೇ ಇಲ್ಲವೆಂಬಂತೆ.

ಅದೇ ಸರಿ ಎಂದಿತು ಬುದ್ಧಿ.
ಬೆರಳು ಒಪ್ಪಲಿಲ್ಲ.
ಅಂಗಡಿಯಲ್ಲಿ ಹತ್ತು ಸಲ ಮೀಟಿದೆ, ದನಿಯೇನೋ ಚೆನ್ನ,
ಆದರೆ ನಡುವೆ ಯಾರೋ ನಿಂತು
ನನ್ನ ಮಾತನ್ನು ಆಚೆಗೆ ದಾಟಿಸುತ್ತಿದ್ದಾರೆ.

ಸಾಬರು ಸ್ಟೀಲಿನ ಪೊಟ್ಟಣಕ್ಕೆ
ಹಳೇ ಪಂಚೆಯ ತುಂಡೊಂದು ಸೇರಿಸಿ ಕಟ್ಟಿದರು.
"ನುಡಿಸಿದ ಮೇಲೆ ಒಂದೊಂದನ್ನೂ ಒರೆಸಿ. ಅಡಿಯಿಂದಲೂ."
ಇಕ್ಕಳ ತಂದು ಎರಡು ಬಳೆ ಕತ್ತರಿಸಿಕೊಂಡರು.
ಕಪ್ಪಾದದ್ದಕ್ಕೆ ಇಕ್ಕಳ ಬಂದಾಗ ಕೈ ಹಿಂದೆಗೆದೆ.
ಯಾಕೆಂದು ಅವರು ಕೇಳಲಿಲ್ಲ.

ಹೊರಗೆ ಬಿತ್ತನೆ ಆಲೂಗಡ್ಡೆಯ ಮೂಟೆಗಳು ಲಾರಿ ಏರುತ್ತಿದ್ದವು.
ಬಸ್ಸಿನಲ್ಲಿ, ಮನೆ ಮುಟ್ಟುವವರೆಗೂ, ತುರಿಸಿತು.