ಹನ್ನೊಂದು ನಿಮಿಷ

ಹದಡಿಯ ನಮ್ಮ ಕೊಟ್ಟಿಗೆಯಲ್ಲಿ ಎರಡು ಕರು.
ಒಂದಕ್ಕೆ ಮೂರು ತಿಂಗಳು,
ಇನ್ನೊಂದಕ್ಕೆ ಒಂದು ಅಮಾಸೆ ಹೆಚ್ಚು.
ನಾನು ದಾವಣಗೆರೆಯ ಮಿಲ್ಲಿನಲ್ಲಿ ಟೈಂಕೀಪರ್ ಆಗಿದ್ದವನು.
ಮಿಲ್ಲು ನಿಂತಿತು, ಮಣಿಕಟ್ಟಿನ ವಾಚು ನಿಲ್ಲಲಿಲ್ಲ.
"ಕಾಕಾ, ಸುಮ್ಮನೆ ಕೂರೋ ಬದಲು
ಇವು ಎಷ್ಟೊತ್ತು ತಿಂತಾವೆ, ಎಷ್ಟೊತ್ತು ಮೆಲುಕು ಹಾಕ್ತಾವೆ
ಬರೆದಿಡಿ" ಅಂದರು
ಪಶು ಆಸ್ಪತ್ರೆಯ ತಸ್ಲೀಮ ಮೇಡಂ.
ಅಟ್ಟದ ಮೇಲೆ ಹಳೆಯ ಹಾಜರಿ ಪುಸ್ತಕವೊಂದಿತ್ತು.
ಧೂಳು ಕೊಡವಿ ಹೆಸರಿನ ಸಾಲಿನಲ್ಲಿ ಬರೆದೆ:
ಗೆಜ್ಜಿ. ಬೂದಿ.

ಮೊದಲ ವಾರ ಬರೀ ನುಚ್ಚು.
ಒಡೆಸಿದ ಮೆಕ್ಕೆಜೋಳ, ಶೇಂಗಾ ಹಿಂಡಿ, ಚಿಟಿಕೆ ಉಪ್ಪು,
ನನಗೆ ಕಾಣದಂತೆ ಸೊಸೆ ಹಾಕಿದ ಬೆಲ್ಲ.
ಬಕೆಟ್ಟಿಗೆ ಮೂತಿ ಇಟ್ಟು ತೆಗೆಯುವಷ್ಟರಲ್ಲಿ
ಒಂಬತ್ತು ನಿಮಿಷ.
ಆಮೇಲೆ?
ಆಮೇಲೆ ಇಡೀ ಹಗಲು ಬಾಯಿಗೆ ಕೆಲಸವಿಲ್ಲ.
ಗೆಜ್ಜಿ ಗೋಡೆಯ ಸುಣ್ಣ ನೆಕ್ಕಿತು,
ಹಗ್ಗ ಅಗಿಯಿತು, ಬೂದಿಯ ಕಿವಿ ಚೀಪಿತು,
ನನ್ನ ಪಂಚೆಯ ಅಂಚು ಕಚ್ಚಿಕೊಂಡು
ಎತ್ತಲೋ ನೋಡುತ್ತ ನಿಂತಿತು.
ಹೊಟ್ಟೆ ತುಂಬಿತ್ತು; ಬಾಯಿ ತುಂಬಿರಲಿಲ್ಲ.
ಷರಾ ಕಾಲಮ್ಮಿನಲ್ಲಿ ಬರೆದೆ:
ಪಾಳಿ ಇದೆ, ಕೆಲಸವಿಲ್ಲ.
ಮಿಲ್ಲಿನ ಕೊನೆಯ ವರ್ಷವೂ ಇದನ್ನೇ ಬರೆದಿದ್ದೆ,
ಮನುಷ್ಯರ ಹೆಸರಿನ ಮುಂದೆ.

ಎರಡನೇ ವಾರ ಜೋಳದ ಸಪ್ಪೆ, ರಾಗಿ ಹುಲ್ಲು
ಬೆರಳುದ್ದ ಕತ್ತರಿಸಿ ನುಚ್ಚಿಗೆ ಬೆರೆಸಿದೆವು.
ಗೆಜ್ಜಿ ಏನು ಕಡಿಮೆಯೆ?
ಮೂತಿಯಿಂದ ಹುಲ್ಲು ಬದಿಗೆ ತಳ್ಳಿ
ನಾಲಿಗೆಯನ್ನೇ ಮೊರ ಮಾಡಿಕೊಂಡು
ಕಾಳು ಕಾಳನ್ನೇ ಆರಿಸಿತು.
ಬೂದಿ ಹಾಗಲ್ಲ.
ತಾಯಿಯ ಗೋದಲಿಯಿಂದ ಒಣಹುಲ್ಲು ಕದ್ದು ಬೆಳೆದದ್ದು,
ಹುಲ್ಲನ್ನೇ ಹುಡುಕಿ ಎಳೆಯಿತು.
"ಮೊದಲು ಕಂಡ ರುಚಿ, ಕಾಕಾ," ಮೇಡಂ ನಕ್ಕರು,
"ನಾಲಿಗೆ ಅದನ್ನೇ ತನ್ನೂರು ಅಂದ್ಕೊಳ್ಳುತ್ತೆ."

ನೀರು ಚಿಮುಕಿಸಿ ಕಲಸಿದೆವು.
ನುಚ್ಚು ಹುಲ್ಲಿಗೆ ಹಿಟ್ಟಿನಂತೆ ಅಂಟಿತು.
ಗೆಜ್ಜಿ ಒಮ್ಮೆ ಸೀನಿತು, ನನ್ನ ಕಡೆ ನೋಡಿತು,
ನಾನು ಆಕಾಶ ನೋಡಿದೆ.
ಆಮೇಲೆ ಶುರು ಮಾಡಿತು.
ಮೂವತ್ತೆಂಟು ನಿಮಿಷ. ಮರುದಿನ ನಲವತ್ತೊಂದು.
ಮಧ್ಯಾಹ್ನ ಕಾಲು ಮಡಚಿ, ಕಣ್ಣು ಅರೆಮುಚ್ಚಿ ಮೆಲುಕು:
ಕತ್ತಿನ ಚರ್ಮದೊಳಗೆ ಒಂದು ಉಂಡೆ
ಮೇಲೇರುವುದು ಕಾಣುತ್ತದೆ,
ದವಡೆ ಲಾಳಿಯ ಹಾಗೆ ಆ ಕಡೆ, ಈ ಕಡೆ.
ಒಂದು ಉಂಡೆಗೆ ನಲವತ್ತೇಳು ಅಗಿತ.
ನಾನೇ ಎಣಿಸಿದ್ದು. ತಪ್ಪಿದ್ದರೆ ಒಂದೆರಡು.
ಮಗ್ಗ ನಿಂತ ಮೇಲೆ ಆ ಲಯ
ನನ್ನ ಕಿವಿಗೆ ಬಿದ್ದಿರಲಿಲ್ಲ.
ಎಣಿಸುತ್ತ ಎಣಿಸುತ್ತ ನಾನೂ ತೂಕಡಿಸಿದೆ.
ಪುಸ್ತಕದಲ್ಲಿ ಆ ಒಂದು ಗಂಟೆ ಖಾಲಿ ಇದೆ.

ಗೋಡೆಯ ಸುಣ್ಣ ಉಳಿಯಿತು. ನನ್ನ ಪಂಚೆಯೂ.

ರಾತ್ರಿ ರೊಟ್ಟಿ, ಎಣ್ಣೆಗಾಯಿ, ಗುದ್ದಿದ ಉಳ್ಳಾಗಡ್ಡಿ.
ಉಂಡು ತಟ್ಟೆಯಲ್ಲೇ ಕೈ ತೊಳೆದು ನೋಡಿದರೆ
ಸೊಸೆ ಅನಸೂಯ ಬಾಗಿಲಲ್ಲಿ,
ಕೈಯಲ್ಲಿ ನನ್ನ ವಾಚು.
"ಮಾವ, ಹನ್ನೊಂದು ನಿಮಿಷ."

ಏನು ಹೇಳಲಿ?
ಮೂವತ್ತೊಂದು ವರ್ಷ
ಸೈರನ್ನಿಗೆ ಮೊದಲೇ ಬುತ್ತಿ ಮುಗಿಸಿದ ಬಾಯಿ.
ಸೈರನ್ ಬಾಯಿ ಮುಚ್ಚಿ ಎಷ್ಟೋ ಕಾಲವಾಯಿತು,
ಇದಕ್ಕೆ ಯಾರೂ ಹೇಳಿಲ್ಲ.
ಊಟವಾದ ಮೇಲೆ ನಾನೂ ಜಗುಲಿಯಲ್ಲಿ ಕೂತು
ಕಡ್ಡಿ ಕಚ್ಚುತ್ತೇನೆ, ಉಗುರು ಕಚ್ಚುತ್ತೇನೆ,
ಅಡಿಕೆ ಚೂರು, ಮತ್ತೆ ಅಡಿಕೆ ಚೂರು.

ಬೆಳಿಗ್ಗೆ ಪುಸ್ತಕ ತೆರೆದರೆ
ಗೆಜ್ಜಿ, ಬೂದಿಯ ಕೆಳಗೆ
ದುಂಡನೆ ಅಕ್ಷರದಲ್ಲಿ ಮೂರನೆಯ ಹೆಸರು: ಮಾವ.
ಷರಾ:
ನಾಳೆಯಿಂದ ಕಡಕ್ ರೊಟ್ಟಿ.