ತಕ್ಕದ್ದು

ಹನ್ನೊಂದನೆಯ ಸಭೆ. ಡೆಲ್ಫ್‌ಝೈಲ್ ಬಂದರಿನ ಹಳೇ ಕಚೇರಿ,
ಎರಡನೇ ಮಹಡಿ. ಹೀಟರು ಕೆಟ್ಟಿದೆ, ಕೋಟು ಯಾರೂ ಕಳಚಿಲ್ಲ.
ನಡಾವಳಿ ಬರೆಯುವುದು ನನ್ನ ಕೆಲಸ:
ಯಾರು ಏನೆಂದರು, ಯಾರು ಒಪ್ಪಲಿಲ್ಲ.
ಯಾರು ಸುಮ್ಮನಿದ್ದರು ಎಂಬುದಕ್ಕೆ ಕಾಲಂ ಇಲ್ಲ.

ಇವತ್ತಿನ ಜಗಳ ಒಂದು ಕ್ರಿಯಾಪದದ್ದು.
ಹಳೆಯ ಗ್ಯಾಸಿನ ಕೊಳವೆಗೆ ಜಲಜನಕ ಹರಿಸುವ ಮೊದಲು
ಪ್ರತಿ ಬೆಸುಗೆಯನ್ನೂ ಪರೀಕ್ಷಿಸತಕ್ಕದ್ದೋ,
ಪರೀಕ್ಷಿಸಿದರೆ ಒಳ್ಳೆಯದೋ.

ಕಂಪನಿಯ ಫೊಪ್ಪೆ ಲೆಕ್ಕ ತಂದಿದ್ದಾನೆ:
ಬೆಸುಗೆಗೆ ಇಷ್ಟು, ಕಿಲೋಮೀಟರಿಗೆ ಇಷ್ಟು,
'ತಕ್ಕದ್ದು' ಅಂದರೆ ಆರು ವರ್ಷ ತಡ.
ಕೆಟ್ಟವನಲ್ಲ ಫೊಪ್ಪೆ. ಅವನ ಲೆಕ್ಕವೂ ಸುಳ್ಳಲ್ಲ.
'ಆ ಆರು ವರ್ಷ ಕಲ್ಲಿದ್ದಲು ಉರಿಯುತ್ತದಲ್ಲ,
ಅದನ್ನು ಯಾರ ಖಾತೆಗೆ ಬರೆಯುತ್ತೀರಿ?' ಅಂದಾಗ
ಕಿಟಕಿಯಾಚೆ, ಸಮುದ್ರದ ಒಡ್ಡಿನುದ್ದಕ್ಕೂ
ಗಾಳಿಯಂತ್ರಗಳು ತಿರುಗುತ್ತಲೇ ಇದ್ದವು.

ಲೋಹಶಾಸ್ತ್ರದ ಶೌಕ್ಯೆ ಮಾತಾಡುವ ಮೊದಲು
ಮೇಜಿನ ಮೇಲೆ ಎರಡು ಉಕ್ಕಿನ ತುಂಡು ಇಟ್ಟಳು.
ಒಂದು, ಎಳೆದಾಗ ಸೊಂಟ ಸಣ್ಣಗಾಗಿ, ಹಿಗ್ಗಿ ಹಿಗ್ಗಿ
ಒಲ್ಲದ ಮನಸ್ಸಿನಿಂದ ಹರಿದದ್ದು.
ಇನ್ನೊಂದು, ಬಿಸ್ಕತ್ತಿನಂತೆ ಮುರಿದದ್ದು.
ಎರಡೂ ಒಂದೇ ಕೊಳವೆಯವು. ಒಂದೇ ಹೊಳಪು.
'ಹೆಸರಲ್ಲೇನೋ ನೀರಿದೆ. ಸ್ವಭಾವದಲ್ಲಿಲ್ಲ.
ಇದಕ್ಕಿಂತ ಚಿಕ್ಕದು ಯಾವುದೂ ಇಲ್ಲವಾಗಿ
ಬಾಗಿಲು ತಟ್ಟುವ ರೂಢಿಯಿಲ್ಲ.
ಹರಳು ಹರಳಿನ ಸಂದಿಯಲ್ಲಿ ನುಸುಳಿ ಕೂರುತ್ತದೆ.
ನಲವತ್ತು ವರ್ಷ ಮಲಗಿದ್ದ ಕೂದಲೆಳೆ ಬಿರುಕು
ಒತ್ತಡ ಏರಿಳಿದಾಗೆಲ್ಲ ಒಂದಿಷ್ಟು ಬಾಯಿಬಿಡುತ್ತದೆ.'
'ಎಷ್ಟು?' ಅಂದ ಫೊಪ್ಪೆ.
'ಅದನ್ನೇ ಅಳೆಯಬೇಕು ಅನ್ನುತ್ತಿದ್ದೇನೆ.'

ಆಮೇಲೆ ರೈಂಡರ್ ಎದ್ದ. ಎಪ್ಪತ್ತನಾಲ್ಕು ವಯಸ್ಸು,
ಕ್ಲೋರಿನ್ ಕಾರ್ಖಾನೆಯಲ್ಲಿ ಸವೆದ ಮೈ,
ಊರಿನವರ ಪರವಾಗಿ ಒಂದೇ ಕುರ್ಚಿ.
ಹತ್ತು ಸಭೆ ತುಟಿ ಬಿಚ್ಚದವನು
ಇವತ್ತು ಒಂದು ಪೊರಕೆ ತಂದಿದ್ದ.

'ಹಗಲಲ್ಲಿ ಇದರ ಬೆಂಕಿ ಕಾಣದು. ವಾಸನೆ ಮೊದಲೇ ಇಲ್ಲ.
ಸೋರಿದೆ ಅಂದರೆ ಇದನ್ನು ಮುಂದಕ್ಕೆ ಚಾಚಿ
ಕುರುಡರ ಹಾಗೆ ನಡೆಯುತ್ತಿದ್ದೆವು.
ಪೊರಕೆ ಹೊತ್ತಿಕೊಂಡರೆ, ನಿಲ್ಲು.'

ಫೊಪ್ಪೆ ನಕ್ಕ. ನಾನೂ ನಕ್ಕೆ.
ರೈಂಡರ್ ಪೊರಕೆ ತಿರುಗಿಸಿ ಹಿಡಿದ.
ಅಂಗೈಯಗಲ ಕರಕಲು.

'ನಮ್ಮ ನೆಲದಡಿಯ ಗ್ಯಾಸು ಹೀರಿದಿರಿ. ನೆಲ ನಡುಗಿತು.
ನನ್ನ ಗೋಡೆ ಈಗ ಮರದ ಊರುಗೋಲಿನ ಮೇಲಿದೆ.
ಬಿರುಕಿಗೆ ಅಡ್ಡ ಗಾಜಿನ ಪಟ್ಟಿ ಅಂಟಿಸಿ
ಪೆನ್ಸಿಲಲ್ಲಿ ತಾರೀಖು ಬರೆದಿಡುತ್ತೇನೆ,
ಒಡೆದರೆ ಇನ್ನೊಂದು ಪಟ್ಟಿ, ಇನ್ನೊಂದು ತಾರೀಖು.
ಆಗಲೂ ನಿಮ್ಮ ಕಾಗದದಲ್ಲಿ
"ಒಳ್ಳೆಯದು" ಅಂತಲೇ ಇತ್ತು.
ಬರೆದುಕೋ, ಚಾಕ್ಯೆ.'

ಬರೆದುಕೊಂಡೆ. ಆದರೆ ನಡಾವಳಿಯಲ್ಲಿ ಪೊರಕೆ ಅನ್ನುವಂತಿಲ್ಲ:
'ಉದ್ದ ಹಿಡಿಯ, ದಹ್ಯ ತುದಿಯ ಸಾಧನವೊಂದನ್ನು
ಸದಸ್ಯರೊಬ್ಬರು ಪ್ರದರ್ಶಿಸಿದರು.'
ಗಾಜಿನ ಪಟ್ಟಿ ವಿಷಯಕ್ಕೆ ಸಂಬಂಧಿಸಿದ್ದಲ್ಲ, ಅಂದರು ಅಧ್ಯಕ್ಷರು.
ಆ ಸಾಲು ಹೊಡೆದುಹಾಕಿದೆ. ಕಾಣುವ ಹಾಗೆ ಹೊಡೆದೆ.

ಸಂಜೆ ಐದೂವರೆಗೆ ಒಪ್ಪಂದ, ಅರೆಮನಸ್ಸಿನದು:
ಹಳೇ ಬೆಸುಗೆಗೆ ತಕ್ಕದ್ದು, ಹೊಸದಕ್ಕೆ ಒಳ್ಳೆಯದು.
ಎಷ್ಟು ಹಳತಾದರೆ ಹಳೆಯದು?
ಆ ಅಂಕಿಯ ಜಾಗ ಖಾಲಿ, ಚೌಕ ಕಂಸದೊಳಗೆ.

ಎಲ್ಲರೂ ಹೋದ ಮೇಲೆ ಪೊರಕೆ ಕೊಡೆಗಳ ಡಬ್ಬಿಯಲ್ಲೇ ಇತ್ತು.
ಮರೆತನೋ, ಬಿಟ್ಟುಹೋದನೋ.
ಮೇಜಿನ ಕೆಳಗಿನ ಬಿಸ್ಕತ್ತಿನ ಪುಡಿ ಗುಡಿಸಿದೆ.
ಗುಡಿಸಿದಷ್ಟೂ ಕಪ್ಪು ಉದುರಿತು.

ಮುಂದಿನ ಸಭೆ: ಮಾರ್ಚ್ ನಾಲ್ಕು.
ವಿಷಯ: ವಾಸನೆ.
ಇದಕ್ಕೆ ಯಾವ ವಾಸನೆ ಬೆರೆಸಿದರೆ
ನಿದ್ದೆಯಲ್ಲಿರುವವರೂ
ಎದ್ದು, ಚಪ್ಪಲಿ ಹುಡುಕದೆ, ಹೊರಗೋಡುತ್ತಾರೆ?